ಊಟ ಆಯ್ತೇನು ಎಂಬ ಪ್ರಶ್ನೆ

ನಮ್ಮ ಮನೆಯ ಮಾಳಿಗೆಯಲ್ಲಿ ಸಂಡಿಗೆ ಒಣಗಿಸಲು ಹಾಸುವ ಹಳೆಯ ಚಾದರವೊಂದಿದೆ. ಎಷ್ಟು ಒಗೆದರೂ ಅದರ ಮೇಲಿನ ನೀಲಿ ಅಕ್ಷರಗಳು ಪೂರ್ತಿ ಹೋಗಿಲ್ಲ. 'ಗೋದಾಮಿನ ಕಾಳು ಹಸಿದವರ ಒಲೆಗೆ' ಎಂಬ ಘೋಷಣೆಯಲ್ಲಿ ಈಗ 'ಕಾಳು' ಒಂದೇ ಓದಲು ಬರುತ್ತದೆ. ಸಂಡಿಗೆಯ ಆಸೆಗೆ ಬರುವ ಗುಬ್ಬಿಗಳು ಆ ಅಕ್ಷರದ ಕಾಳನ್ನೂ ಒಮ್ಮೆ ಕುಕ್ಕಿ ನೋಡುತ್ತವೆಂದು ನನಗನ್ನಿಸುತ್ತದೆ. ಒಬ್ಬಂಟಿಯಾಗಿ ಬಹಳ ದಿನ ಇದ್ದವರಿಗೆ ಇಂಥದೆಲ್ಲ ಅನ್ನಿಸುತ್ತಿರುತ್ತದೆ, ಗೆಳೆಯರೇ, ನಕ್ಕುಬಿಡಬೇಡಿ.

ಆ ಚಾದರ ಹಿಡಿದು ನಾವು ನಡೆದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ. ಸೇಡಂನ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಗುಡಿಯ ಪೂಜೆ ನೋಡಿಕೊಂಡಿದ್ದ ಅಪ್ಪ ಹೋಗಿ, ಅವರ ಹಿಂದೆಯೇ ಅವ್ವನೂ ಹೋಗಿ, ಮನೆಯಲ್ಲಿ ಮಾತಾಡುವುದಕ್ಕೆಂದು ಉಳಿದದ್ದು ರೇಡಿಯೊ ಒಂದೇ. ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಬಶೀರಾಬಿ ದಸರೆ ರಜೆಯಲ್ಲೊಂದು ದಿನ ಬಂದು ಹೊಸ್ತಿಲಲ್ಲಿ ನಿಂತಳು.

"ದುಡಿಯೋ ಕೈ ಇಲ್ಲದ ಮನಿಗೆ ಸರ್ಕಾರ ಕಾಳು ಕೊಡಬೇಕಂತ ಜಾಥಾ ಹೊಂಟದರಿ ಅಕ್ಕೋರೆ. ಚಿಂಚೋಳಿಯಿಂದ ಶಹಾಬಾದ ತನಕ. ಒಬ್ಬರೇ ಕುಂತು ಏನ್ ಮಾಡ್ತೀರಿ, ಬರ್ರಿ."

ಬಡತನದ ಚಿಂತೆಗಿಂತ ಆ 'ಒಬ್ಬರೇ' ಎಂಬ ಮಾತೇ ನನ್ನನ್ನು ಹೊರಡಿಸಿತು.

ಹೊರಡುವ ಮೊದಲು ಚಿಂಚೋಳಿಗೆ ಹೊಂದಿದ ಚಂದಾಪುರದ ಕಚೇರಿಗಳೆದುರು ಶಾಮಿಯಾನದ ಕೆಳಗೆ ಸಭೆ. ಹಳ್ಳಿಗಳಿಂದ ಬಂದವರು ತಮ್ಮ ಹಸಿವನ್ನು ತಾವೇ ಅಧಿಕಾರಿಯ ಮುಂದೆ ಹೇಳಬೇಕೆಂದು ಮಾತಾಗಿತ್ತು. ಮೊದಲು ಎದ್ದವರು ಕೊಡ್ಲಿಯ ಮಲ್ಲಮ್ಮ. ಗಂಡನನ್ನೂ ಇದ್ದೊಬ್ಬ ಮಗನನ್ನೂ ಕಳೆದುಕೊಂಡು, ಕೂಲಿಗೆ ಹೋಗಲು ಕಾಲಲ್ಲಿ ಬಲವಿಲ್ಲದಂತಾದ ಮುದುಕಿ. ಅಧಿಕಾರಿ ಕೆಟ್ಟವರೇನಲ್ಲ. ಮೈಕನ್ನು ಎರಡೂ ಕೈಯಿಂದ ಹಿಡಿದು ನಿಂತ ಮುದುಕಿಯನ್ನು ಕಂಡು ಧೈರ್ಯ ತುಂಬಲೆಂದೇ ಇರಬೇಕು, "ಊಟ ಆಯ್ತೇನಮ್ಮ?" ಎಂದರು.

ಮಲ್ಲಮ್ಮ ಸೆರಗು ಸರಿಪಡಿಸಿಕೊಂಡು, "ಉಂಡೀನ್ರಿ ಸಾಹೇಬ್ರ" ಎಂದರು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧಿಕಾರಿಯ ಮುಖ ಹಗುರಾಯಿತು. "ಮತ್ತ ಎಲ್ಲಾ ಬರೋಬ್ಬರಿ ಅದ ಅಲ್ಲಾ?" ಎಂದು ಕೇಳಿದರು, ಉತ್ತರಕ್ಕೆ ಕಾಯಲಿಲ್ಲ. ಆಮೇಲೆ ಯಾರು ಎದ್ದು ಏನು ಹೇಳಿದರೂ ಅದು ಅವರ ಕಿವಿಯ ತನಕ ಹೋಗಲಿಲ್ಲ.

ಕನ್ನಡ ಕಲಿಸುವವಳಾಗಿ ನಾನು ಆ ಎರಡು ಮಾತುಗಳನ್ನು ಎಷ್ಟು ಸಲ ಮೆಲುಕು ಹಾಕಿದ್ದೇನೋ. ನಮ್ಮ ಕಡೆ 'ಊಟ ಆಯ್ತೇನು' ಎಂಬುದು ಪ್ರಶ್ನೆಯೇ ಅಲ್ಲ, ಅದು ನಮಸ್ಕಾರದ ಇನ್ನೊಂದು ರೂಪ. ನಮಸ್ಕಾರಕ್ಕೆ ಯಾರಾದರೂ 'ಇಲ್ಲ' ಎಂದು ಉತ್ತರ ಕೊಡುತ್ತಾರೆಯೇ? ಉಂಡವರು ಕೇಳುತ್ತಾರೆ, ಉಣ್ಣದವರು 'ಆಯ್ತು' ಎನ್ನುತ್ತಾರೆ, ಇಬ್ಬರ ಮರ್ಯಾದೆಯೂ ಉಳಿದು ಹಸಿವು ತನ್ನ ಪಾಡಿಗೆ ತಾನು ಹೊಟ್ಟೆಯಲ್ಲೇ ಕೂತಿರುತ್ತದೆ.

ಜಾಥಾ ಕೊಡ್ಲಿಗೆ ಬಂದಾಗ ಮಲ್ಲಮ್ಮ ನಮ್ಮನ್ನು ಕರೆದು ನೀರು ಕೊಟ್ಟರು. ಹಾಗೇಕೆ ಹೇಳಿದಿರೆಂದು ಮೆಲ್ಲಗೆ ಕೇಳಿದೆ.

"ನಾಕ್ ಮಂದ್ಯಾಗ ಉಪಾಸ ಇದ್ದೀನಂದ್ರ ಮೈದುನನ ಮನಿ ಮಾನ ಹೋಗ್ತದ್ರಿ ಅಕ್ಕೋರೆ. ಅವ್ರೂ ಬಡವರೇ. ನನ್ನ ಉಪಾಸ ನನಗ ಇರ್ಲಿ."

ಅಲ್ಲಿಂದ ಮುಂದೆ ನಮ್ಮ ಸಾಲು ಸವೆಯುತ್ತ ಹೋಯಿತು. ತೆಂಗಳಿಯಲ್ಲಿ ಹೊಲದ ಕೆಲಸವೆಂದು ಕೆಲವರು ಉಳಿದರು, ಚಿತ್ತಾಪುರದಲ್ಲಿ ಜ್ವರವೆಂದು ಇನ್ನಷ್ಟು ಮಂದಿ. ವಾಡಿಯ ಸ್ಟೇಷನ್ನಿನಲ್ಲಿ ನಾನೂ ಬಶೀರಾಬಿಯೂ ಚಾದರದ ಎರಡು ತುದಿ ಹಿಡಿದು ನಿಂತರೆ, ರೈಲಿನ ಕಿಟಕಿಯಿಂದ ಒಬ್ಬರು ಅದು ಮಾರಲಿಕ್ಕಿದೆಯೇ ಎಂದು ಕೇಳಿದರು. ಅಲ್ಲಿಯ ಕಾರ್ಖಾನೆಯ ಸಿಮೆಂಟಿನ ಧೂಳು ರೆಪ್ಪೆಯ ಮೇಲೆ ಕೂರುತ್ತಿತ್ತು. ಅಷ್ಟು ಜನರ ನಡುವೆ ಅಷ್ಟು ಒಂಟಿತನವನ್ನು ನಾನು ಮನೆಯಲ್ಲೂ ಕಂಡಿರಲಿಲ್ಲ.

ಶಹಾಬಾದಿನ ಕೊನೆಯ ಸಭೆಗೆ ಅದೇ ಅಧಿಕಾರಿ ಬಂದಿದ್ದರು. ಖಾಲಿ ಕುರ್ಚಿಗಳನ್ನು ನೋಡಿ, ಬೇಗ ಮುಗಿಸೋಣವೆಂದರು. ಅಷ್ಟರಲ್ಲಿ ಬಾಗಿಲಲ್ಲಿ ಮಲ್ಲಮ್ಮ. ಯಾರೂ ಕರೆದಿರಲಿಲ್ಲ, ತಾವಾಗಿಯೇ ಬಸ್ಸು ಹತ್ತಿ ಬಂದಿದ್ದರು. ನೇರ ನಡೆದು ಹೋಗಿ ಮೈಕಿನ ಮುಂದೆ ನಿಂತರು. ಅಧಿಕಾರಿ ಗುರುತು ಹಿಡಿದು, ರೂಢಿಯ ಬಲದಿಂದಲೋ ಏನೋ, "ಊಟ ಆಯ್ತೇನಮ್ಮ?" ಎಂದರು.

ಮಲ್ಲಮ್ಮ ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

"ಇಲ್ರಿ" ಎಂದರು. "ಇವತ್ತೂ ಇಲ್ಲ, ನಿನ್ನೀನೂ ಇಲ್ಲ. ಅವತ್ತ ನಾಚಿಕಿ ಆಗಿ ಸುಳ್ಳ ಹೇಳಿದ್ದೆ."

ಅಷ್ಟು ಹೇಳಿ, ಅಲ್ಲಿಯೇ ನೆಲದ ಮೇಲೆ ಕುಳಿತು ಮುಖಕ್ಕೆ ಸೆರಗು ಎಳೆದುಕೊಂಡರು. ಅಧಿಕಾರಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಶೀರಾಬಿ ಹೋಗಿ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು.

ಕಾಳು ಬಂತು. ತಡವಾಗಿ ಬಂತು, ಆದರೂ ಬಂತು. ಅದು ಆ ಒಂದು 'ಇಲ್ರಿ'ಯಿಂದಲೇ ಬಂತೆಂದು ಹೇಳಲಾರೆ. ಎಲ್ಲೆಲ್ಲಿಯೋ ಯಾರ್ಯಾರೋ ಹೀಗೆ ಮಾನವನ್ನು ಬದಿಗಿಟ್ಟು ಮಾತಾಡಿರಬೇಕು, ಅವೆಲ್ಲ ಕೂಡಿ ಸರಕಾರವೆಂಬ ಭಾರವಾದ ಬಂಡೆಯನ್ನು ತುಸು ಸರಿಸಿರಬೇಕು.

ಬಹಳ ದಿನಗಳ ಮೇಲೆ ಒಂದು ಭಾನುವಾರ ಕೊಡ್ಲಿಗೆ ಹೋದೆ. ಶಹಾಬಾದಿನ ಮಾತು ಕೇಳಿ ಮೈದುನನ ಮನೆಯವರು ಮಲ್ಲಮ್ಮನ ಜೊತೆ ಮಾತು ಬಿಟ್ಟಿದ್ದರು. ನೀರಿಗೆ ಹೋದರೆ ಹೆಂಗಸರು ಸುಮ್ಮನಾಗುತ್ತಾರೆಂದು ಮಲ್ಲಮ್ಮ ಒಲೆ ಊದುತ್ತ ಹೇಳಿದರು. ಮಡಿ ಬಿಡದ ಅಪ್ಪ ಇದ್ದಿದ್ದರೆ ನಾನು ಆ ಮನೆಯಲ್ಲಿ ಊಟಕ್ಕೆ ಕೂಡುವ ಮಾತೇ ಇರಲಿಲ್ಲ. ಅಂದು ಕೂತೆ. ಬಿಸಿ ಅನ್ನ, ತೆಳ್ಳನೆಯ ತೊಗರಿಬೇಳೆ ಸಾರು.

"ಅಕ್ಕಿ ಬಂತ್ರಿ ಅಕ್ಕೋರೆ" ಎಂದರು. "ಒಬ್ಬಾಕಿನ ಕುಂತ ಉಂಡ್ರ ಗಂಟಲ್ದಾಗ ಇಳೀವಲ್ದು."

ಅಕ್ಕಿಯನ್ನು ಸರಕಾರಕ್ಕೆ ಕೇಳಬಹುದು, ಬೀದಿಗಿಳಿದು ಕೂಗಿ ಕೇಳಬಹುದು. ಜೊತೆಗೆ ಕೂತು ಉಣ್ಣುವವರನ್ನು ಯಾವ ಕಚೇರಿಯ ಮುಂದೆ ನಿಂತು ಕೇಳುವುದು?

ರಸ್ತೆಯಲ್ಲಿ ಸೇಡಂ ಕಡೆಯ ಕೊನೆಯ ಬಸ್ಸು ಹಾರ್ನು ಹೊಡೆಯಿತು. ಮಲ್ಲಮ್ಮ ಕೈಯಲ್ಲಿ ಸೌಟು ಹಿಡಿದು ಬಾಗಿಲ ಕಡೆ ನೋಡಿದರು. "ಇನ್ನೊಂದೀಟು ಹಾಕ್ರಿ" ಎಂದೆ. ಬಸ್ಸು ಹೋದ ಸದ್ದು ಕೇಳಿತು. ಅವರು ನನಗೆ ಬಡಿಸಿ, ಎದುರಿಗೆ ಕುಳಿತು ತಾವೂ ಬಡಿಸಿಕೊಂಡರು.