ಏಳು ಗಂಟು, ಒಂದು ಮಣಿ

ನಮ್ಮ ನದಿಯ ಹೆಂಗಸರು ಮದುವೆಯಾದಾಗಿನಿಂದ ಒಂದು ನಾರಿನ ದಾರ ಇಟ್ಟುಕೊಳ್ಳುತ್ತಾರೆ. ದಿನಕ್ಕೊಂದು ಗಂಟು, ಮಗು ಹುಟ್ಟಿದ ದಿನಕ್ಕೊಂದು ಚಿಪ್ಪಿನ ಮಣಿ. ದಾರ ಉದ್ದವಾದಂತೆ ಸುತ್ತಿ ಸುತ್ತಿ ಉಂಡೆ ಮಾಡುತ್ತಾರೆ. ಸತ್ತಾಗ ಅದೂ ಜೊತೆಗೇ ಮಣ್ಣಿಗೆ ಹೋಗುತ್ತದೆ.

ವಾಯ್ಲಾತಳ ಉಂಡೆ ಆಗಿನ್ನೂ ಮುಷ್ಟಿಗಾತ್ರ. ಗಡ್ಡೆ ಅಗೆದು ಸೊಂಟ ಬಿದ್ದುಹೋದ ದಿನವೂ, ಹಣ್ಣಿಗೆಂದು ಬೆಟ್ಟ ಹತ್ತಿದ ದಿನವೂ ಗಂಟು ಹಾಕದೆ ಅವಳು ಮಲಗಿದವಳಲ್ಲ. ದಾರದಲ್ಲಿ ಎರಡು ಮಣಿಗಳಿದ್ದವು. ಎರಡೂ ಮಕ್ಕಳು ಹುಟ್ಟಿ ತಿಂಗಳಾಗುವ ಮೊದಲೇ ತೀರಿಹೋಗಿದ್ದವು.

ಮೂರನೆಯದು ಹೊಟ್ಟೆಯಲ್ಲಿದ್ದಾಗ, ಮೀನಿನ ಸುಗ್ಗಿಯಲ್ಲಿ, ಅವಳಿಗೆ ಜ್ವರ ಬಂತು. ಅಂದಿನ ಗಂಟು ಹಾಕಿ ಮಲಗಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಹೆಣ್ಣುಮಗುವೊಂದು ಮೊಲೆ ಹುಡುಕುತ್ತಿತ್ತು. ವಾಯ್ಲಾತ್ ಮಗುವಿನ ಕೈಕಾಲು ಮುಟ್ಟಿ ನೋಡಿದಳು. ಆಮೇಲೆ ದಾರಕ್ಕೆ ಕೈಚಾಚಿದಳು.

"ನಾನು ಮಲಗಿ ಎಷ್ಟು ದಿನ ಆಯ್ತತ್ತೆ?"

"ಆರು. ಮಗು ಹುಟ್ಟಿದ್ದು ಎರಡನೇ ದಿನ," ಎಂದಳು ಅತ್ತೆ ತುಮ್ನಾಯ್.

ನಾದಿನಿ ಶಿಕ್ಸಾ ನಕ್ಕಳು. "ಅಮ್ಮಂಗೆ ನಿನ್ನೆ ತಿಂದಿದ್ದೇ ನೆನಪಿರಲ್ಲ. ಒಂಬತ್ತು ದಿನ ಅತ್ತಿಗೆ. ಮಗು ಬಂದಿದ್ದು ನಾಲ್ಕನೇ ದಿನ."

"ನೀನು ಮೊದ್ಲು ಬೆರಳು ಮಡಿಸೋದು ಕಲಿ, ಹೋಗೆ!" ಎಂದು ಅತ್ತೆ ಗದರಿದಳು.

ಗಂಡ ತೆವಾಸನನ್ನು ಕೇಳಿದರೆ ತಲೆ ಕೆರೆದುಕೊಂಡ. "ಬಲೆ ಹಿಡ್ಕೊಂಡು ಬಂಡೆ ಮೇಲೇ ಇದ್ದೆ ಕಣೆ. ನೀನು ಉಳೀತೀಯೋ ಇಲ್ವೋ ಅನ್ನೋ ಭಯದಲ್ಲಿ ದಿನ ಯಾರು ಎಣಿಸಿದ್ರು? ಅಂದಾಜಿಗೆ ಒಂದು ಕಡೆ ಮಣಿ ಕಟ್ಟಿಬಿಡು."

"ಅಂದಾಜಿಗೆ ಹೆತ್ತಿದೀನಾ ನಾನು?"

ವಾಯ್ಲಾತ್ ದಾರದ ಉಂಡೆಯನ್ನು ಮಡಿಲಿಗೆ ಎಳೆದುಕೊಂಡಳು. ಇದ್ದ ಎರಡು ಮಣಿಗಳ ಜಾಗ ಸರಿಯಿದ್ದೂ ಮಕ್ಕಳು ನಿಲ್ಲಲಿಲ್ಲ. ಇದಕ್ಕೆ ದಾರದಲ್ಲಿ ಸುಳ್ಳು ಜಾಗ ಕೊಟ್ಟರೆ ಹೇಗೆ ನಿಂತೀತು?

ಮಗುವನ್ನು ಅತ್ತೆಯ ತೊಡೆಗೆ ಹಾಕಿ, ಗೋಡೆಗೆ ಕಟ್ಟಿದ ಜೊಂಡಿನ ಚಾಪೆಯ ಆಸರೆ ಹಿಡಿದು ಎದ್ದಳು. ಬೇಡವೆಂದರೂ ಕೇಳದೆ ಮೀನು ಒಣಗಿಸುವ ಚಪ್ಪರಕ್ಕೆ ಹೋದಳು. ಹಿಡಿದ ಮೀನನ್ನು ಅಂದೇ ಸೀಳಿ, ದಿನಕ್ಕೊಂದು ಹೊಸ ಗಳಕ್ಕೆ ನೇತುಹಾಕುವುದು ಅವರ ಪದ್ಧತಿ. ಜ್ವರ ಬಂದ ದಿನ ತಾನೇ ಸೀಳಿ ಹಾಕಿದ ಗಳ ಅವಳಿಗೆ ಕಂಡಿತು. ಅದರಿಂದಾಚೆಗೆ ಎಂಟು ಗಳ.

ಒಂದೊಂದು ಗಳದ ಮೀನನ್ನೂ ಹಿಸುಕುತ್ತ ಹೋದಳು. ಮೊದಲನೆಯದು ತೊಗಟೆಯಂತೆ ಗಟ್ಟಿ, ಮುಂದಿನದು ಸ್ವಲ್ಪ ಬಾಗುತ್ತಿತ್ತು. ಐದನೆಯದೂ ಆರನೆಯದೂ ಒಂದೇ ಹದ.

"ಒಂದಿನ ಮೀನು ಜಾಸ್ತಿ ಬಿತ್ತಾ?"

"ಹ್ಞೂಂ, ಗಳ ಸಾಲದೆ ಎರಡಕ್ಕೆ ಹಾಕಿದ್ವಿ," ಎಂದಳು ಹಿಂದೆಯೇ ಬಂದ ಶಿಕ್ಸಾ.

ಹಾಗಾದರೆ ಏಳು ದಿನ. ವಾಯ್ಲಾತ್ ಮತ್ತೆ ಮೊದಲಿನಿಂದ ನೋಡುತ್ತ ಬಂದು ಮೂರನೆಯ ಗಳದ ಮುಂದೆ ನಿಂತಳು. ಅದರ ಮೀನು ಒಂದು ಕಡೆ ದಪ್ಪ, ಒಂದು ಕಡೆ ತೂತು, ಮುಳ್ಳಿಗೇ ಅರ್ಧ ಮಾಂಸ ಅಂಟಿತ್ತು.

"ಅಯ್ಯೋ, ಇದನ್ನ ಯಾರು ಸೀಳಿದ್ದು? ಕರಡಿನಾ?"

"ಬೈಬೇಡ ಅತ್ತಿಗೆ, ನಾನೇ. ಅಮ್ಮ ಬೆಳಗಿಂದ ನಿನ್ನ ಬೆನ್ನು ಹಿಡಿದು ಕೂತಿದ್ಲು, ಮಗು ಬರೋವರೆಗೂ ಏಳ್ಲಿಲ್ಲ. ಚೂರಿ ನನ್ನ ಕೈಗೆ ಬಂತು."

"ಅವತ್ತೊಂದೇ ದಿನಾನಾ?"

"ಒಂದೇ ದಿನ. ಇದನ್ನ ನೋಡಿದ್ಮೇಲೆ ಅಮ್ಮ ಚೂರಿ ಮುಟ್ಟೋಕೇ ಬಿಡ್ಲಿಲ್ಲ."

ವಾಯ್ಲಾತ್ ಅವಳನ್ನು ತಬ್ಬಿಕೊಂಡಳು. ಶಿಕ್ಸಾ ಏನೂ ತಿಳಿಯದೆ ಹಾಗೇ ನಿಂತಳು.

ಒಳಗೆ ಬಂದು ಕೂತು ದಾರ ತೊಡೆಯ ಮೇಲೆ ಹರವಿದಳು. ಎರಡು ಗಂಟು. ಮೂರನೆಯದನ್ನು ಬಿಗಿಯುವ ಮೊದಲು ಬಿಳಿ ಮಣಿ ಪೋಣಿಸಿದಳು. ಮತ್ತೆ ನಾಲ್ಕು ಗಂಟು. ಎರಡು ಸಲ ಬೆರಳಾಡಿಸಿ ನೋಡಿದಳು. ಸರಿಯಿತ್ತು.

"ಆರಲ್ಲ ಅತ್ತೆ, ಏಳು," ಎಂದಳು.

"ಏಳೇ ಇರ್ಲಿ ಬಿಡು. ಸಾರು ಆರೋಗ್ತಿದೆ, ಕುಡಿ."

ವಾಯ್ಲಾತ್ ಬಟ್ಟಲು ಬರಿದು ಮಾಡಿ, ಇನ್ನಷ್ಟು ಕೇಳಿದಳು.