ನರ್ಸಮ್ಮನ ಕೊನೆಯ ಸುತ್ತು

ಮೊನ್ನೆ ಒಂದು ಹಲಸಿನಹಣ್ಣಿಗೆ ಮುನ್ನೂರು ರೂಪಾಯಿ ಕೊಟ್ಟೆ. ಇನ್ನೂರಕ್ಕೆ ಇಳಿಸಬಹುದಾಗಿತ್ತು, ಚೌಕಾಸಿ ಮಾಡಿಯೇ ಬದುಕು ಕಟ್ಟಿಕೊಂಡವನು ನಾನು. ಆದರೆ ರಸ್ತೆ ಬದಿಯಲ್ಲಿ ಮಾರುತ್ತಿದ್ದ ಹೆಂಗಸು ಹಣ್ಣನ್ನು ಹಿಂದಿನ ಸೀಟಿನ ಮೇಲೆ ಇಟ್ಟಳು, ಅದರ ವಾಸನೆ ಗಾಡಿ ತುಂಬಿತು, ಚೌಕಾಸಿ ಮರೆತೇಹೋಯಿತು. ಕೇಳಿದಷ್ಟು ಕೊಟ್ಟು ಹೊರಟುಬಿಟ್ಟೆ.

ಈ ತಿಂಗಳು ಕಳೆದರೆ ನಾನು ಚನ್ನಪಟ್ಟಣ ಬಿಡುತ್ತೇನೆ. ನಂಜನಗೂಡಿನ ಕಡೆ ಗೂಡ್ಸ್ ಗಾಡಿಗಳಿಗೆ ಬಾಡಿಗೆ ಚೆನ್ನಾಗಿದೆ, ಮನೆಯನ್ನೂ ಅಲ್ಲಿಗೇ ಸಾಗಿಸುತ್ತಿದ್ದೇನೆ. ಊರು ಬಿಡುವ ಮೊದಲು ಏನೇನು ಮಾಡಬೇಕು ಎಂದು ಯೋಚಿಸುತ್ತಿದ್ದವನಿಗೆ ಆ ವಾಸನೆ ನರ್ಸಮ್ಮನನ್ನು ನೆನಪಿಗೆ ತಂದಿತು.

ಆಗ ನನ್ನ ಹತ್ತಿರ ಇದ್ದದ್ದು ಒಂದು ಆಟೊ. ನರ್ಸಮ್ಮ ವಿರೂಪಾಕ್ಷಿಪುರದ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ, ಚುಚ್ಚುಮದ್ದು ನೋಡಿಕೊಳ್ಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಬಂದು ಇಲ್ಲಿ ನೆಲೆಸಿದವರು. ಬಸ್ಸು ಹೋಗದ ಕಡೆಗೆಲ್ಲ ನನ್ನ ಆಟೊ. ಅವರಿಗೆ ದೂರದ ಊರಿಗೆ ವರ್ಗವಾದಾಗ ನಾನು ಬುದ್ಧಿ ಹೇಳಿದ್ದೇ ಹೇಳಿದ್ದು: ಮಂಚ ಇಲ್ಲೇ ಮಾರಿ, ಸಿಲಿಂಡರ್ ವಾಪಸ್ ಕೊಟ್ಟು ಡಿಪಾಸಿಟ್ ಕೇಳಿ, ಖಾಲಿ ಹೋಗುವ ಲಾರಿ ಹಿಡಿದರೆ ಅರ್ಧ ಬಾಡಿಗೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು.

"ಅದೆಲ್ಲ ನೀನೇ ನೋಡ್ಕೊಳಪ್ಪ. ನಂಗೆ ಒಂದಿನ ನಿನ್ನ ಆಟೊ ಬೇಕು. ಎಲ್ಲಾರ್ಗೂ ಹೇಳ್ಬುಟ್ಟು ಹೋಗ್ಬೇಕು."

ಬೆಳಿಗ್ಗೆ ಹೊರಟೆವು. ಅವರ ಕೈಯಲ್ಲಿ ಹುಟ್ಟಿ ಆಗಲೇ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿಯರು ಓಡಿ ಬಂದು ಕಾಲಿಗೆ ಬಿದ್ದರು. ಯಾರೂ ಬರಿಗೈಲಿ ಕಳಿಸಲಿಲ್ಲ. ಹಲಸು, ನುಗ್ಗೆಕಾಯಿ, ರಾಗಿಹಿಟ್ಟು, ಒಂದು ಮನೆಯಲ್ಲಿ ಕಾಲು ಕಟ್ಟಿದ ಕೋಳಿ... ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಆಟೊದೊಳಗೆ ಇಣುಕಿ, "ಏನ್ಲಾ, ನರ್ಸಮ್ಮನ್ನ ಕರ್ಕೊಂಡ್ ಹೊಂಟಿದ್ದೀಯೋ, ಸಂತೆಗೆ ಸರಕು ಹೊಡೀತಿದ್ದೀಯೋ?" ಎಂದ. ನರ್ಸಮ್ಮ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬೈರಾಪಟ್ಟಣದ ಹತ್ತಿರ ಒಂದು ಓಣಿ. ಬೆಳಿಗ್ಗೆ ಅಲ್ಲಿ ಆಟೊ ನಿಧಾನ ಮಾಡಿದಾಗ, ಇಲ್ಲಿ ಬೇಡ, ಮುಂದೆ ನಡಿ ಎಂದಿದ್ದರು. ಮಧ್ಯಾಹ್ನ ದಾಟುವಾಗಲೂ ಅದೇ ಮಾತು. ಸಂಜೆ ವಾಪಸ್ ಬರುವಾಗ ತಾವೇ ನಿಲ್ಲಿಸು ಎಂದರು. ಆದರೆ ಇಳಿಯಲಿಲ್ಲ. ಕೂತಲ್ಲೇ ಹೇಳಿದರು.

ಎಷ್ಟೋ ವರ್ಷದ ಹಿಂದೆ ಆ ಓಣಿಯ ಒಂದು ಮನೆಯ ಸೊಸೆಗೆ ಮೊದಲ ಹೆರಿಗೆ. ಹುಟ್ಟಿದ ಮಗು ಅಳಲೇ ಇಲ್ಲ. ನರ್ಸಮ್ಮ ಮಾಡಬಹುದಾದದ್ದನ್ನೆಲ್ಲ ಮಾಡಿದ್ದರು. ಅತ್ತೆ, ಹೆತ್ತವಳಿಗೆ ತೋರಿಸಬೇಡಿ ಎಂದು ಹೇಳಿ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಆಚೆಗೆ ಒಯ್ದರು. ಮುಂದಿನ ಹೆರಿಗೆಗಳಿಗೆ ಸೊಸೆ ತವರಿಗೆ ಹೋದಳು. ತನ್ನ ಮೇಲಿನ ಸಿಟ್ಟಿಗೇ ಹೋದಳೆಂದು ತಿಳಿದು ನರ್ಸಮ್ಮ ಮತ್ತೆ ಆ ಮನೆಯ ಕಡೆ ತಲೆ ಹಾಕಿರಲಿಲ್ಲ.

ಹೊರಡುವ ಹೊತ್ತಿನಲ್ಲಿ ಸುಮ್ಮನೆ ಯಾಕೆ ರಂಪ, ಹೋಗೋಣ ಎಂದೆ.

"ಬಯ್ದ್ರೆ ಬಯ್ಲಿ ಕಣಪ್ಪ. ಬಯ್ಸ್ಕೊಳ್ದೆ ಹೋಗಾಕಾಯ್ತಾ ಇಲ್ಲ" ಎಂದು ಇಳಿದರು.

ಆ ಸೊಸೆ ಆಗ ತಾನೇ ಹಾಲು ಕರೆದು ಕೊಟ್ಟಿಗೆಯಿಂದ ಹೊರಗೆ ಬರುತ್ತಿದ್ದಳು. ನರ್ಸಮ್ಮ ಅಂಗಳದ ಅಂಚಿನಲ್ಲೇ ನಿಂತರು. ಎಷ್ಟೋ ಹೊತ್ತು ಸೆರಗಿನ ತುದಿ ತಿರುವುತ್ತಾ ನಿಂತಿದ್ದರು. ಆಮೇಲೆ ನರ್ಸಮ್ಮ, ನಂಗೆ ವರ್ಗ ಆಗಿದೆ, ನಾಳೆ ಹೋಗ್ತಿದ್ದೀನಿ ಎಂದರು. ಆಕೆ ಹಾಲಿನ ಪಾತ್ರೆಯನ್ನು ಜಗಲಿಯ ಮೇಲಿಟ್ಟು ಹತ್ತಿರ ಬಂದಳು.

"ನಮ್ಮತ್ತೆ ಹೊಂಟೋದ್ರು. ನನ್ ಮಗೀನ್ ಮಕ ನೋಡಿರೋರು ಇನ್ನು ನೀವೊಬ್ರೇ ಕಣಕ್ಕ. ನೀವೂ ಹೊಂಟೋದ್ರೆ ನಾನ್ ಯಾರ್ನ ಕೇಳ್ಲಿ? ಹೆಂಗಿತ್ತು?"

ನರ್ಸಮ್ಮ ಆಕೆಯ ಎರಡೂ ಕೈ ಹಿಡಿದುಕೊಂಡರು.

"ನಿನ್ನಂಗೇ ಇತ್ತು ಕಣವ್ವ. ತಲೆ ತುಂಬ ಕೂದ್ಲು. ಗದ್ದದ್ ಮೇಲೆ ಒಸಿ ಗುಳಿ, ನಿಂಗೈತಲ್ಲ, ಅಂಗೇ..."

ಆಕೆ ತನ್ನ ಗದ್ದ ಮುಟ್ಟಿಕೊಂಡಳು. ಆಟೊದ ಪಕ್ಕ ನಿಂತಿದ್ದ ನಾನು ಮುಖ ಆಚೆ ತಿರುಗಿಸಿದೆ.

ಆಮೇಲೆ ಆಕೆ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ ತಂದಳು. ತವರಿನಿಂದ ಹೊರಡುವ ಮಗಳಿಗೆ ತುಂಬುವ ಮಡಿಲಕ್ಕಿ. ಗಂಡನಿಲ್ಲದವರಿಗೆ ಅದನ್ನು ಕೊಡುವ ರೂಢಿ ನಮ್ಮ ಕಡೆ ಇಲ್ಲ. ಬೆಳಗಿನಿಂದ ಅಷ್ಟೊಂದು ಕೊಟ್ಟವರಲ್ಲೂ ಯಾರೂ ಅದನ್ನು ಕೊಟ್ಟಿರಲಿಲ್ಲ. ನರ್ಸಮ್ಮ ಹಿಂದೆ ಸರಿದರು. ಆಕೆ ತಾನೇ ಅವರ ಸೆರಗು ಹಿಡಿದು ಹರಡಿ, ಸುರಿದಳು. ದಾರಿಯುದ್ದಕ್ಕೂ ನರ್ಸಮ್ಮ ಆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ಹೋದ ಮೇಲೆ ಕೆಲವು ವರ್ಷ ಹಬ್ಬಕ್ಕೆ ಫೋನು ಮಾಡುತ್ತಿದ್ದರು. ಆಮೇಲೆ ಒಂದು ಸಲ ನಾನೇ ಮಾಡಿದಾಗ ಬೇರೆ ಯಾರೋ ಎತ್ತಿಕೊಂಡು, ಅವರು ತೀರಿಹೋಗಿ ವರ್ಷವಾಯಿತಲ್ಲ ಎಂದರು... ಈಗ ನನಗೆ ನಾಲ್ಕಾರು ಗಾಡಿಗಳಿವೆ. ಆದರೂ ಆ ಹಳೆಯ ಆಟೊದಲ್ಲಿ ಅವರು ಇನ್ನೊಂದು ದಿನ ಕೂತಿದ್ದರೆ, ಊರು ಬಿಡುವ ಮುಂಚೆ ನಾನು ಯಾವ ಮನೆಗೆ ಮೊದಲು ಹೋಗಲಿ ಎಂದು ಕೇಳುತ್ತಿದ್ದೆ.

ಊರು ಬಿಡುವವರಿಗೆ ನಾನು ಹೇಳುವುದು ಇಷ್ಟು. ಅಡ್ವಾನ್ಸ್ ಕೈಗೆ ಬರುವ ತನಕ ಮನೆಯ ಬೀಗದ ಕೈ ಕೊಡಬೇಡಿ. ಬೀರು, ಮಂಚವನ್ನು ಕೊನೆಯ ವಾರಕ್ಕೆ ಇಟ್ಟುಕೊಂಡರೆ ಕೊಳ್ಳುವವನು ಹೇಳಿದ್ದೇ ರೇಟು, ಮೊದಲೇ ಮಾರಿ. ನೋಡದೆ ಉಳಿದ ಬೆಟ್ಟ, ಡ್ಯಾಮು, ತಿನ್ನದೆ ಉಳಿದ ಹೋಟೆಲಿನ ತಿಂಡಿ, ಇವಕ್ಕೆ ಅವಸರ ಮಾಡಬೇಡಿ. ಇನ್ನೊಮ್ಮೆ ಬಂದಾಗಲೂ ಇರುತ್ತವೆ. ಹೋಗಲು ಕಾಲೇ ಬಾರದ ಒಂದು ಮನೆ ಇದ್ದರೆ ಅಲ್ಲಿಗೆ ಹೋಗಿ. ಫೋನು ಮಾಡಿ ಹೋಗಬೇಡಿ, ಮಾಡಿದರೆ ನೀವೇ ನೆಪ ಹುಡುಕುತ್ತೀರಿ. ಆಟೊದವನ ಹತ್ತಿರ ಗಂಟೆ ಲೆಕ್ಕದಲ್ಲಿ ಮಾತಾಡದೆ ಇಡೀ ದಿನಕ್ಕೆ ಮಾತಾಡಿಕೊಳ್ಳಿ. ಆ ಮನೆಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೋ, ಮೊದಲೇ ಗೊತ್ತಾಗುವುದಿಲ್ಲ.