ಲೋಡಿನಣ್ಣನ ಹ್ಯಾಟು

ಹೇಳಬೇಕು, ಹೇಳಬೇಕು ಎಂದುಕೊಂಡೇ ವರ್ಷಗಳನ್ನು ಕಳೆದವನು ನಾನು. ಒಮ್ಮೆ ಮಳೆಗಾಲ ಮುಗಿಯಲಿ ಅಂದೆ, ಒಮ್ಮೆ ಮಗಳ ಮದುವೆ ಕಳೆಯಲಿ ಅಂದೆ, ಆಮೇಲೆ ಕೇಳಬೇಕಾದವರೇ ಇಲ್ಲವಲ್ಲ, ಇನ್ನು ಯಾರಿಗೆ ಹೇಳುವುದು ಅಂದೆ. ನಿನ್ನೆ ನನ್ನ ಅಂಗಡಿಯಲ್ಲಿ ಕುದಿಯುತ್ತಿದ್ದ ಕೆಟಲಿನ ಬಾಯಿಗೆ ಒಂದು ಹಳೆಯ ಹ್ಯಾಟನ್ನು ಹಿಡಿದೆ. ಹಬೆ ತಾಗಿದ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಮಳೆಯಲ್ಲಿ ನೆನೆದ ಆಡಿನ ಪಕ್ಕದಲ್ಲಿ ನಿಂತರೆ ಬರುವಂಥ ವಾಸನೆ. ಅದರೊಳಗೆ ಎಲ್ಲೋ ಒಂದಿಷ್ಟು ತೆಂಗಿನೆಣ್ಣೆಯದೂ ಇತ್ತು. ಹ್ಯಾಟು ತಂದ ಹುಡುಗಿಯ ತಲೆಯದೋ, ಅವಳ ಅಜ್ಜನದೋ... ಗೊತ್ತಾಗಲಿಲ್ಲ. ಇನ್ನು ಮುಂದಕ್ಕೆ ಹಾಕಬಾರದು ಅನ್ನಿಸಿತು.

ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಲಾಂಡ್ರಿ. ಹತ್ತನೆಯ ತರಗತಿ ಮುಗಿಸಿ ಮಂಗಳೂರಿಗೆ ಹೋಗಿ, ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ ಕಲಿತು, ಊರಿಗೆ ಬಂದು ಶುರು ಮಾಡಿದ್ದು. ಪಕ್ಕದಲ್ಲಿ ಅಡಿಕೆ ವ್ಯಾಪಾರಿಗಳ ಗೋದಾಮು. ಅಲ್ಲಿ ಲಾರಿಗೆ ಮೂಟೆ ಏರಿಸುವ ಲೋಡಿಂಗ್ ಕೆಲಸದವರಲ್ಲಿ ಒಬ್ಬರು ನನಗಿಂತ ಸ್ವಲ್ಪ ದೊಡ್ಡವರು. ಪೇಟೆಗೆಲ್ಲ ಅವರು ಲೋಡಿನಣ್ಣ. ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಮೂಟೆ ಹೊತ್ತು ಹಲಗೆ ಹತ್ತಿದರೆ ಹಲಗೆ ಬಾಗುತ್ತಿತ್ತೇ ಹೊರತು ಅವರ ಕುತ್ತಿಗೆ ಬಾಗುತ್ತಿರಲಿಲ್ಲ. ಲಾರಿ ಬರುವುದು ತಡವಾದರೆ ನನ್ನ ಅಂಗಡಿಯ ಬೆಂಚೇ ಅವರ ಜಾಗ. ನನ್ನ ಕೆಟಲಿನ ಚಹಾ ಕುಡಿಯುತ್ತ, ನಾನು ಇಸ್ತ್ರಿ ಹಾಕುವುದನ್ನು ನೋಡುತ್ತ, "ಹಾಗೇ ನನ್ನ ಬೆನ್ನಿಗೂ ಒಂದು ಕೈ ಎಳೀರಿ ಮಾರಾಯ್ರೆ, ಎಲ್ಲ ಮಡಿಕೆ ಬಿದ್ದಿದೆ," ಎನ್ನುತ್ತಿದ್ದರು. ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಗೆಯಲು ಬಂದ ಬಟ್ಟೆಗೆಲ್ಲ ಕಾಲರಿನ ಒಳಗೆ ಒಂದು ಗುರುತು ಹಾಕುತ್ತೇವೆ. ಎಷ್ಟು ಒಗೆದರೂ ಹೋಗದ ಶಾಯಿಯಲ್ಲಿ ಒಂದೋ ಎರಡೋ ಅಕ್ಷರ. ಅವರ ಅಂಗಿಗೆ ನಾನು ಹಾಕುತ್ತಿದ್ದ ಗುರುತು 'ಲೋ' ಎಂದು ಮಾತ್ರ. ಹೆಸರು ಬರೆಯಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ.

ಅವರ ಮಗ, ನನ್ನ ಮಗ ಇಬ್ಬರೂ ಒಂದೇ ಏಜೆಂಟನನ್ನು ಹಿಡಿದು, ಒಂದೇ ವಿಮಾನದಲ್ಲಿ ದುಬಾಯಿಗೆ ಹೋದವರು. ನನ್ನ ಮಗ ಮುಂದಿನ ಓಣಂ ಬರುವ ಮೊದಲೇ ವಾಪಸಾದ. ಅಲ್ಲಿಯ ಸೆಕೆ ತಡೆಯಲಿಲ್ಲ ಅಂದ. ಅವರ ಮಗ ನಿಂತ. ಅವನು ಹೊರಡುವಾಗ ಹೆಂಡತಿ ಬಸುರಿ. ಮಗಳು ಹುಟ್ಟಿ, ನಡೆದು, ಅಂಗನವಾಡಿಗೆ ಹೋಗತೊಡಗಿದರೂ ಆ ಮಗುವಿಗೆ ಅಪ್ಪ ಅಂದರೆ ಫೋನಿನೊಳಗಿನ ಒಂದು ಧ್ವನಿ, ಅಷ್ಟೇ.

ಆ ಮಗ ಮೊದಲ ಬಾರಿ ಊರಿಗೆ ಬರುವುದಿತ್ತು. ಅದಕ್ಕೆ ಸ್ವಲ್ಪ ಮೊದಲು ಯಾರದೋ ಕೈಯಲ್ಲಿ ಅಪ್ಪನಿಗೆ ಒಂದು ಹ್ಯಾಟು ಕಳಿಸಿದ. ಒತ್ತಿದ ಉಣ್ಣೆಯ ಬೂದು ಹ್ಯಾಟು, ಸುತ್ತ ಕಪ್ಪು ಪಟ್ಟಿ. "ಅಪ್ಪ, ಆ ತಲೆಗೆ ಇನ್ನು ಮೂಟೆ ಬೇಡ, ಇದು ಸಾಕು," ಎಂದು ಫೋನಿನಲ್ಲಿ ಹೇಳಿದ್ದನಂತೆ. ಲೋಡಿನಣ್ಣ ಅದನ್ನು ಪೆಟ್ಟಿಗೆಸಮೇತ ನನ್ನ ಅಂಗಡಿಗೆ ತಂದರು.

"ನೋಡಿ, ಅವ ಕಳ್ಸಿದ್ದು. ಮಂಡೆಗೆ ಇಳಿಯುದಿಲ್ಲ."

ಇಟ್ಟು ತೋರಿಸಿದರು. ದೊಡ್ಡ ಪಾತ್ರೆಗೆ ಸಣ್ಣ ಮುಚ್ಚಳ ಇಟ್ಟಂತೆ ಅದು ಮೇಲೆಯೇ ಕುಳಿತಿತು. ಮಗ ತನ್ನ ತಲೆಯ ಅಳತೆಗೆ ತೆಗೆದುಕೊಂಡಿದ್ದ. ಬೆಂಚಿನಲ್ಲಿ ಕೂತಿದ್ದ ಜೀಪಿನ ಡ್ರೈವರೊಬ್ಬ, "ಮೂಟೆ ಹೊತ್ತು ಹೊತ್ತು ನಿಮ್ಮ ಮಂಡೆ ಅಗಲ ಆದದ್ದು ಅಣ್ಣ, ಟೊಪ್ಪಿಯದ್ದು ತಪ್ಪಿಲ್ಲ," ಅಂದ. ಲೋಡಿನಣ್ಣನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಸ್ವರ ತಗ್ಗಿಸಿದರು.

"ಬರುವ ವಾರ ಬರ್ತಾನೆ. ಬಜ್ಪೆ ಏರ್‌ಪೋರ್ಟಿಗೆ ಹೋಗುವಾಗ ಇದನ್ನೇ ಇಟ್ಕೊಂಡು ಹೋಗ್ಬೇಕು ಅಂತ ಉಂಟು. ಅಪ್ಪ ಮೂಟೆ ಬಿಟ್ಟಿದ್ದಾನೆ ಅಂತ ಅವನಿಗೆ ದೂರದಿಂದಲೇ ಕಾಣ್ಬೇಕು. ಸಡಿಲ ಮಾಡ್ಲಿಕ್ಕೆ ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ಮಂಗಳೂರಿನ ಅಂಗಡಿಗೆ ಎಸ್ಟೇಟಿನವರ ಇಂಥ ಹ್ಯಾಟುಗಳು ಬರುತ್ತಿದ್ದವು. ಕೆಟಲಿನ ಬಾಯಿಗೆ ದೂರದಿಂದ ಹಿಡಿದು, ಒಳಗಿನ ತೊಗಲಿನ ಪಟ್ಟಿ ಮೆತ್ತಗಾಗುವಷ್ಟು ಮಾತ್ರ ಹಬೆ ಕೊಟ್ಟು, ಮರದ ಅಚ್ಚಿಗೆ ಏರಿಸಿ, ಸ್ವಲ್ಪಸ್ವಲ್ಪವಾಗಿ ಹಿಗ್ಗಿಸಿ, ಅಚ್ಚಿನ ಮೇಲೆಯೇ ತಣಿಯಲು ಬಿಡಬೇಕು. ಅವಸರ ಮಾಡಬಾರದು. ಕುದಿಯುವ ನೀರಿಗೆ ಹಾಕಿದರೆ ಉಣ್ಣೆ ಮುದುಡಿಹೋಗುತ್ತದೆಂದೂ ಗೊತ್ತಿತ್ತು. ಕಲಿಯುವ ಕಾಲದಲ್ಲಿ ಒಬ್ಬರ ಸ್ವೆಟರನ್ನು ಹಾಗೆ ಹಾಳು ಮಾಡಿ ಬೈಸಿಕೊಂಡವನು ನಾನು.

ಆದರೆ ಆ ಹೊತ್ತಿನಲ್ಲಿ ನನ್ನ ಬೆನ್ನ ಹಿಂದೆ ನನ್ನ ಮಗ ಯಾರದೋ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ. ಅವನು ತಲೆ ಎತ್ತಲಿಲ್ಲ. ಬೆಂಚಿನವರೆಲ್ಲ ಹ್ಯಾಟನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದರು. ಅವರಲ್ಲಿ ಒಬ್ಬನಾದರೂ ನನ್ನ ಮಗನ ಕಡೆ ನೋಡಿದನೋ ಇಲ್ಲವೋ, ನಾನು ಮಾತ್ರ ಎಲ್ಲರೂ ನೋಡಿದರೆಂದೇ ತಿಳಿದೆ. ಮೂಟೆ ಹೊರುವವರ ಮಗ ಗಟ್ಟಿಯಾಗಿ ನಿಂತ, ಲಾಂಡ್ರಿಯವರ ಮಗ ಓಡಿ ಬಂದ... ಯಾರೂ ಆಡದ ಮಾತು ನನ್ನ ಕಿವಿಯಲ್ಲಿ ಕೇಳಿಸಿತು.

"ಅದಕ್ಕೆ ಇಲ್ಲಿಗೆ ಯಾಕೆ ತಂದ್ರಿ, ಮನೆಯಲ್ಲೇ ಮಾಡ್ಬಹುದು," ಅಂದೆ. "ನೀರು ಚೆನ್ನಾಗಿ ಕುದಿಸಿ, ಅದರಲ್ಲಿ ಮುಳುಗಿಸಿ ಇಡಿ. ಆಮೇಲೆ ಬಿಸಿಲಿಗೆ."

"ಅಷ್ಟೇಯಾ?"

"ಅಷ್ಟೇ."

ನನ್ನ ಸ್ವರ ಸ್ವಲ್ಪವೂ ನಡುಗಲಿಲ್ಲ. ಅವರು ಹ್ಯಾಟನ್ನು ಪೆಟ್ಟಿಗೆಯಲ್ಲಿಟ್ಟು, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದರು.

ಮತ್ತೆ ಬಂದಾಗ ಬೆಂಚಿನಲ್ಲಿ ಕೂರಲಿಲ್ಲ. ಪೆಟ್ಟಿಗೆ ತೆರೆದು ತೋರಿಸಿದರು. ಹ್ಯಾಟು ಮುದುಡಿ, ದಪ್ಪಗಾಗಿ, ಅಂಚು ಸೊಟ್ಟಗಾಗಿ ಗೊಂಬೆಗೆ ಇಡುವ ಹ್ಯಾಟಿನಂತೆ ಕಾಣುತ್ತಿತ್ತು. ಅವರು ನನ್ನ ಮೇಲೆ ರೇಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

"ನಾನೇ ಹಾಳು ಮಾಡಿದೆ," ಅಂದರು. "ಬಿಸಿಲಲ್ಲಿ ಜಾಸ್ತಿ ಹೊತ್ತು ಬಿಟ್ಟೆ ಕಾಣ್ತದೆ. ನೀವು ಸರಿಯಾಗಿಯೇ ಹೇಳಿದ್ರಿ. ನೀವು ಬೇಜಾರು ಮಾಡ್ಬೇಡಿ."

ನನ್ನಲ್ಲಿ ಅವರು ಕ್ಷಮೆ ಕೇಳುತ್ತಿದ್ದರು. ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು, ಹಬೆ ಬರುತ್ತಿತ್ತು. ಆಗಲಾದರೂ ಪ್ರಯತ್ನ ಮಾಡಬಹುದಿತ್ತು. ಅವರ ತಲೆಗೆ ಆಗುವಷ್ಟು ಅಲ್ಲದಿದ್ದರೂ ಕೈ ಹಾಕಿ ನೋಡಬಹುದಿತ್ತು. "ಇದಕ್ಕೆ ಇನ್ನು ಎಂತ ಮಾಡ್ಲಿಕ್ಕೂ ಆಗುದಿಲ್ಲ," ಅಂದೆ. ಮೊದಲ ಸುಳ್ಳು ಹೊಟ್ಟೆಕಿಚ್ಚಿನಿಂದ ಬಂದದ್ದು. ಎರಡನೆಯದು ಹೆದರಿಕೆಯಿಂದ. ಎರಡನೆಯದೇ ನನ್ನನ್ನು ಹೆಚ್ಚು ಸುಟ್ಟಿದೆ.

ಬಜ್ಪೆಗೆ ಹೋಗಿಬಂದ ಮೇಲೆ ಅವರು ಮತ್ತೆ ಬಂದರು. ದೂರದಿಂದಲೇ ನಗುತ್ತ ಬರುವುದು ಕಂಡಿತು. ನಾನು ತಲೆ ತಗ್ಗಿಸಿ ಇಸ್ತ್ರಿಯಲ್ಲಿ ಮುಳುಗಿದವನಂತೆ ನಟಿಸಿದೆ. ಅವರು ಕೂತು, ಚಹಾ ಕೇಳಿ ತೆಗೆದುಕೊಂಡು, ಕತೆ ಹೇಳಿದರು. ಜೀಪು ಹೊರಡುವಾಗ ಮೊಮ್ಮಗಳು ಆ ಮುದುಡಿದ ಹ್ಯಾಟನ್ನು ಎತ್ತಿ ತನ್ನ ತಲೆಗೆ ಇಟ್ಟುಕೊಂಡಳಂತೆ. ಅಳತೆ ತೆಗೆದು ಮಾಡಿದಂತೆ ಕೂತಿತಂತೆ. ತೆಗೆಯಲು ಹೋದರೆ ಅಳು. ಬಜ್ಪೆಯಲ್ಲಿ ಜನವೋ ಜನ. ಮಗುವಿಗೆ ಎಂತದೂ ಕಾಣುವುದಿಲ್ಲ. ಲೋಡಿನಣ್ಣ ಅವಳನ್ನು ಹೆಗಲಿಗೆ ಹತ್ತಿಸಿಕೊಂಡು, ಅವಳು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿರಲು, ಬಾಗಿಲಿಗೆದುರಾಗಿ ನಿಂತರಂತೆ.

"ಅವ ಹೊರಗೆ ಬಂದವ ಮೊದಲು ನೋಡಿದ್ದು ನನ್ನನ್ನಲ್ಲ ಮಾರಾಯ್ರೆ. ಎಲ್ಲರ ಮಂಡೆಯ ಮೇಲಿಂದ ಆ ಟೊಪ್ಪಿ. ತಾನು ಕಳ್ಸಿದ ಟೊಪ್ಪಿ. ಅದರ ಅಡಿಯಲ್ಲಿ ಯಾರು ಅಂತ ಅವನಿಗೆ ಕೇಳ್ಲಿಕ್ಕೇ ಇಲ್ಲ. ಬ್ಯಾಗು ಅಲ್ಲೇ ಬಿಟ್ಟು ಓಡಿ ಬಂದ." ಚಹಾದ ಗ್ಲಾಸನ್ನು ಬೆಂಚಿನ ಮೇಲಿಟ್ಟು ಮತ್ತೆ ನಕ್ಕರು. "ಮೂಟೆ ಬಿಟ್ಟಿದ್ದೇನೆ ಅಂತ ತೋರಿಸ್ಲಿಕ್ಕೆ ಹೋದವ ನಾನು. ನೋಡಿದ್ರೆ ಅಲ್ಲಿಯೂ ಹೊತ್ತುಕೊಂಡೇ ನಿಂತಿದ್ದೇನೆ."

ಏಳುವಾಗ ನನ್ನ ಬೆನ್ನು ತಟ್ಟಿದರು. "ನೀವು ಹೇಳಿಕೊಟ್ಟದ್ದು ಒಳ್ಳೆದೇ ಆಯ್ತು ನೋಡಿ."

ನಾನು ನಗಲು ಪ್ರಯತ್ನಿಸಿದೆ. ಅವರ ಸಂತೋಷದ ನಡುವೆ ನನ್ನ ಕೊಳಕನ್ನು ಯಾಕೆ ಸುರಿಯಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಬರೀ ನೆಪ ಎಂದು ಆಗಲೂ ಗೊತ್ತಿತ್ತು.

ಅವರು ನಿಜವಾಗಿಯೂ ಮೂಟೆ ಹೊರುವುದನ್ನು ಬಿಟ್ಟರು. ಬೆಂಚನ್ನು ಬಿಡಲಿಲ್ಲ. ಹೊಸಬರು ಯಾರು ಬಂದು ಕೂತರೂ ಬಜ್ಪೆಯ ಕತೆ ಹೇಳುತ್ತಿದ್ದರು, ಅದರಲ್ಲಿ ಪ್ರತಿ ಸಲವೂ ಒಳ್ಳೆಯ ಉಪಾಯ ಹೇಳಿಕೊಟ್ಟವನಾಗಿ ನಾನು ಬರುತ್ತಿದ್ದೆ. ನಾನು ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವ ನೆಪದಲ್ಲಿ ಹಿಂದಕ್ಕೆ ಹೋಗುತ್ತಿದ್ದೆ. ಒಮ್ಮೆ ಬೆಂಚಿನಲ್ಲಿ ನಾವಿಬ್ಬರೇ ಇದ್ದಾಗ ಧೈರ್ಯ ಮಾಡಿ, "ಆ ಟೊಪ್ಪಿಯ ವಿಷಯ ಉಂಟಲ್ಲ..." ಎಂದು ಶುರು ಮಾಡಿದೆ. "ಅದು ಈಗ ಮಗುವಿಂದು. ನೀವು ಕೇಳಿದ್ರೂ ಅವಳು ಕೊಡುದಿಲ್ಲ," ಎಂದು ನಗಾಡಿದರು. ಅಷ್ಟರಲ್ಲಿ ಯಾರೋ ಬಟ್ಟೆಗೆ ಬಂದರು. ಮಾತು ಅಲ್ಲಿಗೇ ನಿಂತಿತು... ನಾನೇ ನಿಲ್ಲಿಸಿದೆ.

ನನ್ನ ಮಗ ಆಮೇಲೆ ಜೀಪು ಕಲಿತ. ಈಗ ಕಾರಡ್ಕದ ಕಡೆ ಬಾಡಿಗೆ ಓಡಿಸುತ್ತಾನೆ, ಚೆನ್ನಾಗಿಯೇ ಇದ್ದಾನೆ. ಹೊಟ್ಟೆಕಿಚ್ಚಿಗೆ ಇದ್ದ ಕಾರಣ ಎಂದೋ ಕರಗಿಹೋಯಿತು. ಸುಳ್ಳು ಮಾತ್ರ ಹಾಗೆಯೇ ಉಳಿಯಿತು. ಕೆಲವು ವರ್ಷಗಳ ಹಿಂದೆ ಲೋಡಿನಣ್ಣ ತೀರಿಕೊಂಡರು. ಹೋಗಿದ್ದೆ. ಅಂಗಳದ ತುದಿಯಲ್ಲಿ ನಿಂತು ವಾಪಸ್ ಬಂದೆ.

ಮೊನ್ನೆ ಶಾಲೆಯ ಯೂನಿಫಾರ್ಮಿನಲ್ಲಿ ಒಬ್ಬಳು ಹುಡುಗಿ ಬಂದು ಕೌಂಟರಿನ ಮೇಲೆ ಪೆಟ್ಟಿಗೆ ಇಟ್ಟಳು. ಪ್ಲಸ್ ಟು ಓದುತ್ತಿದ್ದಾಳಂತೆ. ಕಲೋತ್ಸವಕ್ಕೆ ಕನ್ನಡ ನಾಟಕ.

"ನಾಟಕದಲ್ಲಿ ನಾನು ಅಜ್ಜ," ಅಂದಳು. "ಇದು ಈಗ ಮಂಡೆಗೆ ಹೋಗುದಿಲ್ಲ. ಟೊಪ್ಪಿಯ ವಿಷಯ ಎಂತ ಇದ್ರೂ ಲಾಂಡ್ರಿಯವರಿಗೆ ಗೊತ್ತುಂಟು ಅಂತ ಅಜ್ಜ ಯಾವಾಗ್ಲೂ ಹೇಳ್ತಿದ್ರು."

ನಾನು ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತೆ. ಅವಳು ನನಗೆ ನೀರು ಬೇಕೇ ಎಂದು ಕೇಳಿದಳು.

ಮರದ ಅಚ್ಚು ನನ್ನ ಬಳಿ ಇಲ್ಲ. ಅವಳು ಶಾಲೆಯ ತಂಡದಲ್ಲಿ ವಾಲಿಬಾಲ್ ಆಡುವವಳು. ಮರುದಿನ ಚೆಂಡನ್ನೂ ಪಂಪನ್ನೂ ತರಲು ಹೇಳಿದೆ. ಹ್ಯಾಟಿಗೆ ದೂರದಿಂದ ಹಬೆ ಕೊಟ್ಟೆ, ಒಳಗಿನ ಪಟ್ಟಿಯನ್ನು ಹೊರಕ್ಕೆ ಮಗುಚಿ ಅದನ್ನೂ ಮೆತ್ತಗೆ ಮಾಡಿದೆ. ಗಾಳಿ ತೆಗೆದ ಚೆಂಡನ್ನು ಒಳಗೆ ತುರುಕಿ, ಪಂಪು ಒತ್ತಲು ಅವಳಿಗೆ ಹೇಳಿದೆ.

"ಸಾಕಾ?"

"ಇನ್ನು ಸ್ವಲ್ಪ. ಮೆಲ್ಲ."

"ಹರಿದ್ರೆ?"

"ಹರಿಯುದಿಲ್ಲ. ಅದಕ್ಕೂ ಸ್ವಲ್ಪ ಸಮಯ ಕೊಡು."

ಉಣ್ಣೆ ನನ್ನ ಬೆರಳುಗಳ ಕೆಳಗೆ ಸಡಿಲಗೊಂಡದ್ದು ಗೊತ್ತಾಯಿತು. ಮತ್ತೆ ಹಬೆ, ಮತ್ತೆ ಗಾಳಿ. ಅಂಚು ನೇರವಾಯಿತು. ಇಷ್ಟು ವರ್ಷ ಮುದುಡಿಕೊಂಡಿದ್ದದ್ದು ಒಂದು ಸಂಜೆಯಲ್ಲಿ ಬಿಡಿಸಿಕೊಂಡಿತು. ಅವಳು ಚಪ್ಪಾಳೆ ತಟ್ಟಿದಳು. ನಾನು ಗೋಡೆಯ ಕಡೆ ತಿರುಗಿದೆ. ಎಂತ ಮಾಡಲಿಕ್ಕೂ ಆಗುವುದಿಲ್ಲ ಎಂದು ನಾನು ಹೇಳಿದ್ದ ಹ್ಯಾಟು ಇದೇ.

ಚೆಂಡಿನ ಮೇಲೆಯೇ ಪೂರ್ತಿ ತಣಿಯಬೇಕು, ಶನಿವಾರ ಬಾ ಎಂದು ಅವಳನ್ನು ಕಳಿಸಿದೆ. ಅದು ಈಗ ಕಪಾಟಿನ ಮೇಲಿದೆ. ಅದನ್ನು ನೋಡುತ್ತಲೇ ಇದನ್ನು ಬರೆಯುತ್ತಿದ್ದೇನೆ. ಹ್ಯಾಟು ಕೊಡುವ ಮೊದಲು ಈ ಹಾಳೆಗಳನ್ನು ಅವಳ ಕೈಗೆ ಕೊಡುತ್ತೇನೆ. ಓದಿ ಸಿಟ್ಟು ಬಂದರೆ ಬರಲಿ, ಅದು ಅವಳ ಹಕ್ಕು. ನಮ್ಮ ಬೆಂಚಿನಲ್ಲಿ ಕೂತು ಓದಿದರೆ ಸಾಕು. ಅಜ್ಜನ ಕತೆಯಲ್ಲಿ ಇಷ್ಟು ದಿನ ಇಲ್ಲದ ಒಂದು ಭಾಗ ಅವಳಿಗೆ ಸಿಗುತ್ತದೆ. ನಾಟಕದ ದಿನ ಅವಳು ಕರೆದರೆ ಹಿಂದಿನ ಸಾಲಿನಲ್ಲಿ ಕೂತು ನೋಡಬೇಕೆಂದು ಆಸೆಯಿದೆ. ಕರೆಯಬಹುದು ಎಂದೂ ಅನ್ನಿಸುತ್ತದೆ. ಹಾಗೆ ಅನ್ನಿಸುವುದಕ್ಕೆ ಅವಳ ಅಜ್ಜನೇ ಕಾರಣ.

ಒಂದು ಕೆಲಸ ಬಾಕಿಯಿತ್ತು. ಗುರುತು ಹಾಕುವ ಶಾಯಿಯ ಬಾಟಲಿ ತೆಗೆದು, ಹ್ಯಾಟಿನ ಒಳಗಿನ ತೊಗಲಿನ ಪಟ್ಟಿಯ ಮೇಲೆ ಬರೆದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಈ ಸಲ 'ಲೋ' ಎಂದು ಬರೆಯಲಿಲ್ಲ. ತಪ್ಪಾಯಿತು ಎಂದು ನಾನು ಹೇಳದೆ ಉಳಿದದ್ದು ಯಾರಿಗೋ, ಅವರ ಹೆಸರನ್ನೇ ಪೂರ್ತಿ ಬರೆದೆ.

ಐತಪ್ಪಣ್ಣ.